ಬಾಣಂತಿಗೊಂದು ಖೋಲಿ

ಇವತ್ತು ಬೆಳಿಗ್ಗೆ ಹಾಲಿನ ಪಾಕೀಟು ತೆಗೆದುಕೊಳ್ಳಲೆಂದು ಬಾಗಿಲು ತೆರೆದರೆ ಮೇಲಿನ ಅಂತಸ್ತಿನಿಂದ ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಮೆಟ್ಟಿಲಿಳಿದು ಬರುತ್ತಿತ್ತು. ಅಂಟು ಎಂದರೆ ಕಾಗದ ಹಚ್ಚುವ ಅಂಟಲ್ಲ, ಜಾಲಿಮರದ ಅಂಟು. ಕಾದ ತುಪ್ಪಕ್ಕೆ ಬಿದ್ದರೆ ಅರಳಿನ ಹಾಗೆ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಕೂಡಿಸಿ ಕಟ್ಟಿದರೆ ಅಂಟಿನುಂಡಿ. ನಮ್ಮ ಕಡೆ ಯಾವ ಮನೆಯಿಂದ ಈ ವಾಸನೆ ಎದ್ದರೂ ಆ ಮನೆಗೆ ಹೆರಿಗೆಗೆಂದು ಮಗಳು ಬಂದಿದ್ದಾಳೆ ಎಂದೇ ಅರ್ಥ. ಬಾಣಂತಿಯ ಸೊಂಟಕ್ಕೆ ಬಲ ಬರಲೆಂದು ಮಾಡುವ ಈ ಉಂಡಿಯಲ್ಲಿ ಅರ್ಧ ಪಾಲು ಮನೆಯ ಗಂಡಸರ ಹೊಟ್ಟೆಗೆ ಹೋಗುತ್ತದೆ. ಅವರ ಸೊಂಟಕ್ಕೆ ಅಂಥ ಏನು ದಣಿವಾಗಿರುತ್ತದೆ ಎಂದು ಮಾತ್ರ ಕೇಳಬಾರದು.

ಪಾಕೀಟು ಹಿಡಿದುಕೊಂಡು ನಾನು ಬಾಗಿಲಲ್ಲೇ ನಿಂತೆ. ನಿಮಗಾದರೆ ಬಾಯಲ್ಲಿ ನೀರೂರುತ್ತಿತ್ತು. ನನಗೆ ಆದದ್ದು ನಾಚಿಕೆ. ಮೊಮ್ಮಗಳು ಶಾಲೆಗೆ ಹೋಗುವ ಈ ವಯಸ್ಸಿನಲ್ಲಿ ಅಂಟಿನ ವಾಸನೆಗೆ ನಾಚುವ ಮುದುಕಿ ಎಂದರೆ ನಿಮಗೆ ನಗು ಬರಬಹುದು. ನಗಿ, ಅಡ್ಡಿಯಿಲ್ಲ, ಆದರೆ ಸ್ವಲ್ಪ ಕೂತು ಕೇಳಿ. ಈ ವಾಸನೆ ಒಮ್ಮೆ ನನ್ನ ಒಲೆಯಿಂದಲೂ ಎದ್ದಿತ್ತು. ಉಂಡಿ ತಿನ್ನಬೇಕಾದ ಮಗಳು ಸುಮಾ ಮಾತ್ರ ಮನೆಯಲ್ಲಿರಲಿಲ್ಲ.

ನಾನು ಸಿಂದಗಿಯ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದವಳು. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಟೀಚರೆಂದರೆ ಅಕ್ಕೋರು. ನಮ್ಮ ಮನೆಯವರು ಅಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ, ಜೋಳ ಕೊಳ್ಳುವ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಬಸ್ ನಿಲ್ದಾಣದ ಬೆನ್ನಿಗೇ ನಮ್ಮ ಬಾಡಿಗೆ ಮನೆ. ಬಸ್ ನಿಲ್ದಾಣದ ಹತ್ತಿರ ಸಂಸಾರ ಹೂಡಬಾರದೆಂದು ಯಾವ ಹಿರಿಯರೂ ನಮಗೆ ಹೇಳಿರಲಿಲ್ಲ. ವಿಜಯಪುರದಿಂದ ಕಲಬುರಗಿಗೆ ಹೋಗುವವರು, ಕಲಬುರಗಿಯಿಂದ ವಿಜಯಪುರಕ್ಕೆ ಬರುವವರು ಸಿಂದಗಿಯಲ್ಲಿ ಇಳಿಯಲೇಬೇಕು, ಇಳಿದವರಿಗೆ ಮುಂದಿನ ಬಸ್ಸು ತಪ್ಪಲೇಬೇಕು, ತಪ್ಪಿದವರಿಗೆ ನಮ್ಮ ನೆನಪಾಗಲೇಬೇಕು. "ಹ್ಯಾಂಗೂ ನಿಮ್ಮ ಮನಿ ಇಲ್ಲೇ ಐತಲ್ಲ ಅಂತ ಬಂದ್ವಿ ನೋಡವಾ" ಎನ್ನುತ್ತ ಚೀಲ ಇಳಿಸುತ್ತಿದ್ದರು. ಕನ್ನೊಳ್ಳಿಯಿಂದ ಹಲ್ಲು ಕೀಳಿಸಿಕೊಳ್ಳಲು ಬಂದ ಚಿಕ್ಕಪ್ಪ, ಪರೀಕ್ಷೆ ಬರೆಯಲು ಬಂದ ಅವರ ಮಕ್ಕಳು, ಹೊಲದ ಪಾಲಿಗಾಗಿ ಕೋರ್ಟಿನ ತಾರೀಖಿಗೆ ಬಂದ ಅವರ ಭಾಗಾದಿಗಳು. ಒಮ್ಮೆಯಂತೂ ನಮ್ಮ ಮನೆಯವರ ದೂರದ ಮಾವನ ಜೊತೆ ಇನ್ನೊಬ್ಬರು ಬಂದು ರೊಟ್ಟಿ ಉಂಡು, ಮಲಗಿ, ಬೆಳಿಗ್ಗೆ ಚಹಾ ಕುಡಿದು ಹೋದರು. ಅವರು ಯಾರೆಂದು ಮಾವನನ್ನು ಕೇಳಿದರೆ, "ಬಸ್ಸಿನ್ಯಾಗ ಭೆಟ್ಟಿಯಾಗಿದ್ರು, ಭಾಳ ಛಲೋ ಮನಶ್ಯಾ" ಎಂದರು.

ಶಾಲೆಯಿಂದ ಬಂದು ಸೀರೆ ಬದಲಿಸುವ ಮೊದಲೇ ಹಿಟ್ಟು ನಾದಲು ಕೂತು ಕೂತು ನನಗೆ ಮಂದಿಯೆಂದರೆ ಸಾಕಾಗಿಹೋಗಿತ್ತು. ನಗುತ್ತಲೇ ಬಡಿಸುತ್ತಿದ್ದೆ, ಒಳಗೆ ಬೈಯುತ್ತಿದ್ದೆ. ನಿವೃತ್ತಿಯಾದ ಮೇಲೆ ವಿಜಯಪುರದಲ್ಲಿ ಒಂದು ಫ್ಲ್ಯಾಟು ತೆಗೆದುಕೊಂಡು ಆಸ್ಪತ್ರೆಗಳ ಹತ್ತಿರ, ನೆಂಟರಿಂದ ದೂರ ಇರಬೇಕೆಂಬುದು ನನ್ನ ಬಹು ವರ್ಷಗಳ ಆಸೆ. ಇದನ್ನು ಗಂಡನಿಗೆ ಪೂರ್ತಿ ಹೇಳಿರಲಿಲ್ಲ. ಆಸ್ಪತ್ರೆಯ ಭಾಗವನ್ನಷ್ಟೇ ಹೇಳಿದ್ದೆ.

ಫ್ಲ್ಯಾಟು ನೋಡಲು ಹೋದ ದಿನ ಅವರು ಬಿಲ್ಡರ್ ಆಫೀಸಿನ ಮೆಟ್ಟಿಲು ಹತ್ತುತ್ತಲೇ, "ಮೂರು ಬೆಡ್‌ರೂಮಿಂದು ತೋರಸ್ರಿ" ಎಂದರು. ಅಲ್ಲಿದ್ದ ಎಂಜಿನಿಯರ್ ಹುಡುಗ ಒಳ್ಳೆಯವನು. ಕುರ್ಚಿ ಕೊಟ್ಟ, ನೀರು ಕೊಟ್ಟ, ಆಮೇಲೆ ಹೇಳಿದ.

"ಸರ, ಅದನ್ನ ಎಲ್ಲಾರೂ ಕೇಳ್ತಾರ್ರಿ, ಯಾರೂ ತಗೊಳ್ಳಂಗಿಲ್ರಿ. ಹಂಗಾಗಿ ಕಟ್ಟೂದ ಬಿಟ್ಟೇವಿ."

"ಅಂದ್ರ ಸಂಸಾರ ಇದ್ದಾವ್ರು ಎಲ್ಲಿ ಇರಬೇಕು ತಮ್ಮಾ?"

"ಇದ್ದದ್ರಾಗ ಹೊಂದಿಸಿಕೊಳ್ತಾರ್ರಿ. ನೋಡ್ರಿ, ಈ ಜಾಗಾ ರೋಡಿಗೆ ಸಣ್ಣದು, ಹಿಂದಕ ಉದ್ದ ಐತಿ. ನಡುವ ದಾರಿ ಬಿಡಬೇಕು, ಮೆಟ್ಟಲಾ, ಲಿಫ್ಟು ಬರಬೇಕು. ಆ ಕಡೆ ಒಂದ ಸಾಲು ಮನಿ, ಈ ಕಡೆ ಒಂದ ಸಾಲು. ಹಿಂಗಾದ್ರ ಒಂದೊಂದ ಮನಿಗೆ ಒಂದ ಗ್ವಾಡಿ ಅಷ್ಟ ಹೊರಗ ಬೀಳ್ತೈತ್ರಿ. ಅದರಾಗ ಎಷ್ಟ ಕಿಡಕಿ ಕೂಡ್ತಾವೋ ಅಷ್ಟ ಬೆಡ್‌ರೂಮು. ಕಿಡಕಿ ಇಲ್ಲದ ಖೋಲಿ ಕೊಟ್ರ ನೀವ ಬೈತೀರಿ."

"ನಮ್ಮೂರಾಗ ಕಿಡಕಿ ಎಲ್ಲಿದ್ವೋ? ಮಾಳಿಗಿಗೆ ಬೆಳಕಿಂಡಿ ಇದ್ವು. ಬೆಳಕ ಮ್ಯಾಲಿಂದ ಬರತಿತ್ತು" ಎಂದರು ಇವರು.

"ಇಲ್ಲಿ ನಿಮ್ಮ ಮಾಳಿಗಿ ಅಂದ್ರ ಮ್ಯಾಲಿನವರ ನೆಲಾ ಅಲ್ರಿ ಸರ" ಎಂದು ಅವನು ನಕ್ಕ. ಇವರೂ ನಗಬೇಕಾಯಿತು.

ಮನೆಯನ್ನು ಕಿಟಕಿಯಿಂದ ಅಳೆಯುತ್ತಾರೆ ಎಂಬುದು ಅಂದು ಗೊತ್ತಾಯಿತು. ಮುಂದೆ ಇನ್ನೂ ಕೆಲವು ಗೊತ್ತಾದವು. ಒಂದು ದೊಡ್ಡ ಮನೆ ಮಾರಾಟವಾಗುವುದರೊಳಗೆ ಎರಡು ಸಣ್ಣವು ಮಾರಿ ಹೋಗಿರುತ್ತವೆ. ಬಾಡಿಗೆ ಕೊಡುವವರಿಗೂ ಸಣ್ಣದೇ ಬೇಕು, ಏಕೆಂದರೆ ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಓಣಿಗೆ ಹತ್ತು ಮಂದಿಯಂತೆ ಸಿಗುತ್ತಾರೆ. ಅವರಿಗೆ ಅಡುಗೆಮನೆ ಬೇಡ, ದೇವರಮನೆ ಬೇಡ, ಅಜ್ಜಿ ಇರುವುದಿಲ್ಲ, ಕೂಸು ಅಳುವುದಿಲ್ಲ. ಸಂಸಾರವೆಂದರೆ ಗೋಡೆಗೆ ಮೊಳೆ, ನಲ್ಲಿಗೆ ಬಕೆಟ್ಟು, ಬಾಗಿಲಿಗೆ ನೆಂಟರು. ಹೀಗಾಗಿ ಊರು ದೊಡ್ಡದಾದಷ್ಟೂ ಮನೆ ಸಣ್ಣದಾಗುತ್ತ ಹೋಗುತ್ತದೆ. ಇದೆಲ್ಲ ಬಿಲ್ಡರನ ಪಾಪವೆಂದು ನಾನು ಈಗಲೂ ಯಾರ ಮುಂದೆ ಬೇಕಾದರೂ ಅರ್ಧ ಗಂಟೆ ಮಾತಾಡಬಲ್ಲೆ.

ಆದರೆ ನಿಮ್ಮ ಮುಂದೆ ಸುಳ್ಳು ಯಾಕೆ? ಆ ದಿನ ಹುಡುಗ ಮೂರು ಬೆಡ್‌ರೂಮು ಇಲ್ಲವೆಂದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಇವರು ಇನ್ನೊಂದು ಕಡೆ ನೋಡೋಣ ಎಂದು ಎದ್ದರೆ ನಾನೇ ಕೂಡಿಸಿದೆ.

"ನಾವಿಬ್ಬರು. ಸುಮಾ ಲಗ್ನಾಗಿ ಹೋದ್ರ ಮತ್ಯಾರದಾರ ಇರಾವ್ರು? ದೊಡ್ಡ ಮನಿ ಮಾಡಿದ್ರ ಕಸಾನೂ ದೊಡ್ಡದು, ಬರೂ ಮಂದಿನೂ ಭಾಳ. ಸಣ್ಣದಿದ್ರ ಬಂದಾವ್ರು ಚಾ ಕುಡದು ಸಂಜೀ ಬಸ್ಸಿಗೆ ಹೋಗ್ತಾರ" ಎಂದೆ.

ಒಂದು ಹಾಲು, ಒಂದು ಬೆಡ್‌ರೂಮು, ನಿಂತು ಅಡುಗೆ ಮಾಡುವಷ್ಟು ಅಡುಗೆಮನೆ. ತೆಗೆದುಕೊಂಡೆವು. ಬಂದವರು ನಿಜವಾಗಿಯೂ ಸಂಜೆ ಬಸ್ಸಿಗೆ ಹೋಗತೊಡಗಿದರು. ಮೊದಲ ವರ್ಷ ನಾನು ಇಷ್ಟು ಸುಖವಾಗಿ ನಿದ್ದೆ ಮಾಡಿದ್ದೆನೆಂದರೆ ಗಂಡ, "ಆರಾಮಿಲ್ಲೇನು?" ಎಂದು ಕೇಳುತ್ತಿದ್ದರು. ನಿತ್ಯ ಮಲಗುವವರನ್ನು ಎಣಿಸಿ ಮನೆ ಕೊಂಡಿದ್ದೆವು. ಬಂದುಹೋಗುವವರಲ್ಲಿ ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಒಬ್ಬಳು ಎಂಬುದು ಲೆಕ್ಕ ಕಲಿಸುವ ಅಕ್ಕೋರ ತಲೆಗೆ ಹೊಳೆಯಲಿಲ್ಲ.

ಸುಮಾಳ ಮದುವೆ ಮುದ್ದೇಬಿಹಾಳಕ್ಕಾಯಿತು. ಬೀಗರದು ಕಿರಾಣಿ ಸಗಟು ವ್ಯಾಪಾರ, ಅಂಗಡಿಯ ಹಿಂದೆಯೇ ಸಾಲು ಖೋಲಿಗಳ ಮನೆ. ಮದುವೆಯಾದ ಮರುವರ್ಷ ನಮ್ಮ ಅತ್ತೆ ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಮೈದುನನ ಮನೆಯಲ್ಲಿ, ಹೊಸ್ತಿಲು ಎಡವಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ವಿಜಯಪುರದಲ್ಲಿ ಆಪರೇಶನ್ ಆಯಿತು. ಆಸ್ಪತ್ರೆಗೆ ಮೇಲಿಂದ ಮೇಲೆ ತೋರಿಸಬೇಕಾದ್ದರಿಂದ ನಮ್ಮಲ್ಲೇ ಉಳಿದರು. ಬೆಡ್‌ರೂಮು ಅವರದಾಯಿತು. ಕೋಲು, ಮಾತ್ರೆ ಡಬ್ಬಿ, ಕಮೋಡಿನ ಕುರ್ಚಿ, ಎತ್ತರದ ಮಂಚ, ಇಷ್ಟು ಇಟ್ಟರೆ ಆ ಖೋಲಿಯಲ್ಲಿ ಬಾಗಿಲು ತೆರೆಯುವಷ್ಟೇ ಜಾಗ ಉಳಿಯುತ್ತಿತ್ತು. ನಾವಿಬ್ಬರೂ ಹಾಲಿಗೆ ಬಂದೆವು. ಅತ್ತೆ ನನ್ನೊಂದಿಗೆ ಎಂದೂ ಜಗಳವಾಡಿದವರಲ್ಲ. ಅವರ ಮೇಲೆ ಸಿಟ್ಟು ಬರುವಂತಿದ್ದರೆ ನನ್ನ ಕಥೆ ಇಷ್ಟು ಕಷ್ಟದ್ದಾಗುತ್ತಿರಲಿಲ್ಲ.

ಆಗ ಸುಮಾ ಬಸುರಿಯಾದಳು. ಏಳನೆಯ ತಿಂಗಳಲ್ಲಿ ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ನಾವು ಮುದ್ದೇಬಿಹಾಳಕ್ಕೆ ಹೋದೆವು. ಹಸಿರು ಸೀರೆ, ಹಸಿರು ಕುಬಸ, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಕೂತ ಮಗಳನ್ನು ನೋಡಿ ನನಗೆ ಕಣ್ಣು ತುಂಬಿತು. ಆರತಿ ಮುಗಿದ ಮೇಲೆ ಬೀಗತಿ ನನ್ನ ಪಕ್ಕ ಕೂತು ಸಹಜವಾಗಿಯೇ ಕೇಳಿದರು.

"ಮತ್ತ ಯಾವಾಗ ಕರಕೊಂಡ ಹೋಗ್ತೀರ್ರಿ? ಹೇಳಿದ್ರ ಅಕಿ ಸೀರಿ ಅರಬಿ ಜೋಡಿಸಿ ಇಡ್ತೇನಿ."

"ಒಂಬತ್ತು ಬೀಳ್ಲಿರಿ, ಬಂದ ಬಿಡ್ತೇವಿ" ಎಂದೆ. ನನ್ನ ಮಾತು ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕೆಂಬುದು ನಮ್ಮಲ್ಲಿ ಕಾಯಿದೆಗಿಂತ ದೊಡ್ಡದು. ಬಂಗಾರ ಕಡಿಮೆ ಹಾಕಿದರೆ ಮಂದಿ ಮರೆಯುತ್ತಾರೆ. ಚೊಚ್ಚಲಿಗೆ ಮಗಳನ್ನು ಕರೆತರದಿದ್ದರೆ ಆ ಮಾತು ತಾಯಿಯ ತಿಥಿಯ ದಿನವೂ ಎದ್ದು ಬರುತ್ತದೆ. ಮಂದಿಯ ಮಾತು ಬಿಡಿ, ಹುಡುಗಿಗೂ ಅಷ್ಟೇ. ಗಂಡನ ಮನೆಯಲ್ಲಿ ಎಷ್ಟೇ ಪ್ರೀತಿಯಿದ್ದರೂ ಹೆರುವ ಹೊತ್ತಿಗೆ ಬಾಯಲ್ಲಿ ಬರುವುದು ಅವ್ವನ ಹೆಸರು.

ನನ್ನ ಬಾಣಂತನ ಬಸವನ ಬಾಗೇವಾಡಿಯ ನನ್ನ ತವರಲ್ಲಾಗಿತ್ತು. ನಡುಮನೆಯ ಪಕ್ಕದ ಒಂದು ಖೋಲಿ. ಹೊರಸಿನ ಕೆಳಗೆ ಕೆಂಡದ ಶೇಗಡಿ, ಓಂಕಾಳಿನ ಹೊಗೆ, ಕಿವಿಗೆ ಅರಳೆ, ತಲೆಗೆ ವಸ್ತ್ರ. "ಗಾಳಿ ಹತ್ತೀತು, ತಲಿ ಮುಚ್ಚಕೋ" ಎಂದು ನನ್ನ ತಾಯಿ ಗದರುವುದು ಓಣಿಯ ತುದಿಗೆ ಕೇಳುತ್ತಿತ್ತು. ಕೂಸು ಮಲಗಿದಾಗ ಅವಳು ನನ್ನ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತ ಊರ ಸುದ್ದಿ ಹೇಳುತ್ತಿದ್ದಳು. ಆ ಖೋಲಿ ನನ್ನ ನೆನಪಿನಲ್ಲಿ ಅರಮನೆಯಷ್ಟಿತ್ತು. ಆಮೇಲೊಮ್ಮೆ ತಮ್ಮನ ಮಗನ ಮದುವೆಗೆ ಹೋದಾಗ ಅದರೊಳಗೆ ನಿಂತು ಎರಡೂ ಕೈ ಚಾಚಿದೆ. ಎರಡೂ ಗೋಡೆ ಬೆರಳಿಗೆ ಹತ್ತಿದವು.

ಹಳೆಯ ಮನೆಗಳು ದೊಡ್ಡವಿದ್ದವು ಎಂದು ನಮ್ಮಂಥವರು ಹೇಳುವುದು ಅರ್ಧ ಸುಳ್ಳು. ನಾನು ಒಳಗೆ ಮಲಗಿದ್ದಾಗ ನನ್ನ ಅಪ್ಪ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದ, ತಮ್ಮಂದಿರು ಮಾಳಿಗೆಯ ಮೇಲೆ, ಮಳೆ ಬಂದರೆ ಪಕ್ಕದವರ ಪಡಸಾಲೆಯಲ್ಲಿ. ಯಾರೂ ಯಾರ ಅಪ್ಪಣೆ ಕೇಳುತ್ತಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಟ್ಟೆ ಇಲ್ಲ. ಮಾಳಿಗೆಯ ಕೀಲಿ ಸೆಕ್ರೆಟರಿಯವರ ಬಳಿ ಇರುತ್ತದೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೂ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬರುತ್ತದೆ, ಇನ್ನು ಮನುಷ್ಯರನ್ನು ಮಲಗಿಸಿದರೆ ಏನು ಗತಿ?

ಕುಬಸ ಮುಗಿಸಿ ಬಂದ ಮೇಲೆ ಕೆಲವು ತಿಂಗಳ ಮಟ್ಟಿಗೆ ಎರಡು ಖೋಲಿಯ ಬಾಡಿಗೆ ಮನೆ ಹುಡುಕಿದೆವು. ಬಾಣಂತಿ ಎಂದ ಕೂಡಲೇ ಬಾಗಿಲು ಕಿರಿದಾಗುತ್ತಿತ್ತು. "ನೀರು ಭಾಳ ಹೋಗ್ತೈತಲ್ರಿ" ಎಂದರು ಒಬ್ಬರು. "ಹೊಗಿ ಹಾಕ್ತೀರಿ, ಗ್ವಾಡಿ ಕರಿ ಆಗ್ತಾವ" ಎಂದರು ಇನ್ನೊಬ್ಬರು. ಒಂದು ಕಡೆ ದೊಡ್ಡ ಮನೆಯೇ ಇದೆ ಎಂದು ಕೇಳಿ ಆಸೆಯಿಂದ ಹೋದೆವು. ಒಳಗೆ ಇಡೀ ಹಾಲನ್ನೇ ಪ್ಲೈವುಡ್ ಹಾಕಿ ಗೂಡು ಗೂಡು ಮಾಡಿದ್ದರು. ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಹುಡುಗ ತುಟಿ ಕುಣಿಸುತ್ತ ಓದುತ್ತಿದ್ದ. ಮನೆಯ ಯಜಮಾನಿ ನನ್ನ ವಯಸ್ಸಿನವರು.

"ಮದಲ ಇದು ನಾವ ಇದ್ದ ಮನಿ ಇತ್ರಿ. ಈಗ ನಾವ ಹಿಂದಿನ ಖೋಲ್ಯಾಗ ಇರ್ತೇವಿ" ಎಂದು ನಕ್ಕರು. "ಹುಡುಗ್ರು ಛಲೋರಿ. ಫ್ಯಾಮಿಲಿಗೆ ಕೊಟ್ರ ಅವರ ಹಿಂದ ಮಂದಿ ಬರ್ತಾರ."

ನನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಆಟೋದಲ್ಲಿ ಬರುವಾಗ ಇವರು ಆ ಹೆಂಗಸನ್ನು ಬೈದರು. ನಾನು ದನಿಗೂಡಿಸಲಿಲ್ಲ.

ಮನೆಯಲ್ಲಿ ನಾವು ಈ ವಿಷಯ ಪಿಸುಮಾತಿನಲ್ಲೇ ಆಡುತ್ತಿದ್ದೆವು. ಒಂದು ಹಾಲು, ಒಂದು ಬೆಡ್‌ರೂಮಿನ ಮನೆಯಲ್ಲಿ ಪಿಸುಮಾತಿಗೆ ಎಲ್ಲಿ ಜಾಗ? ಅತ್ತೆಗೆ ಸೊಂಟ ಕೆಟ್ಟಿತ್ತೇ ಹೊರತು ಕಿವಿ ನೆಟ್ಟಗಿದ್ದವು. ಒಂದು ಮಧ್ಯಾಹ್ನ ಊಟದ ತಾಟು ಒಯ್ದರೆ ಮಂಚದ ಮೇಲೆ ಗಂಟು ಕಟ್ಟಿ ಇಟ್ಟಿದ್ದರು. ಎರಡು ಸೀರೆ, ಮಾತ್ರೆಯ ಡಬ್ಬಿ, ವಿಭೂತಿ ಗಟ್ಟಿ.

"ನನ್ನ ಲಚ್ಯಾಣಕ್ಕ ಬಿಟ್ಟ ಬರ್ರಿ. ಮಠದಾಗ ನಮ್ಮ ಗುರ್ತಿನವರು ಅದಾರ. ಎರಡ ಹೊತ್ತು ಪ್ರಸಾದ ಸಿಗ್ತೈತಿ, ಒಂದ ಮೂಲ್ಯಾಗ ಬಿದ್ದಿರ್ತೇನಿ. ಮೂರ್ನಾಕ ತಿಂಗಳು ಏನ ಮಹಾ? ಹುಡಿಗಿಗೆ ಖೋಲಿ ಆಗ್ತೈತಿ" ಎಂದರು.

ಕೋಲಿಲ್ಲದೆ ಬಚ್ಚಲಿಗೆ ಹೋಗಲಾರದ ಜೀವ. ಮಠದಲ್ಲಿ ಅನ್ನಕ್ಕೆ ಕೊರತೆಯಿಲ್ಲ, ನೆರಳಿಗೆ ಕೊರತೆಯಿಲ್ಲ. ಆದರೆ ಹೊತ್ತಿಗೆ ಹಿಡಿದೆಬ್ಬಿಸುವವರು ಯಾರು? ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ತಾಯಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಆ ಕ್ಷಣವೇ ಗಂಟು ಬಿಚ್ಚಿ, "ಹುಚ್ಚಾಗೇತೇನ ಅತ್ತಿ ನಿಮಗ?" ಎಂದು ಗದರಬೇಕಿತ್ತು. ನಾನು ಅಂದದ್ದು, "ನೋಡೂನು ತಡೀರಿ ಅತ್ತಿ."

ನೋಡ್ರಿ, ಇಷ್ಟು ವರ್ಷದಲ್ಲಿ ನಾನು ಎಷ್ಟೋ ಮಾತಾಡಿದ್ದೇನೆ. ಮಕ್ಕಳಿಗೆ ಬೈದಿದ್ದೇನೆ, ಗಂಡನಿಗೆ ಚುಚ್ಚಿದ್ದೇನೆ, ಅದ್ಯಾವುದೂ ನೆನಪಿಲ್ಲ. ಈ 'ನೋಡೂನು' ಮಾತ್ರ ಮರೆತಿಲ್ಲ. ಆ ಗಂಟು ಅಂದು ಸಂಜೆಯೂ ಮಂಚದ ಮೇಲೆಯೇ ಇತ್ತು. ಅದನ್ನು ಸರಿಸಿ ಹಾಸಿಗೆ ಕೊಡವಿದವಳು ನಾನೇ. ಸರಿಸಿದೆ, ಬಿಚ್ಚಲಿಲ್ಲ.

ಮರುದಿನ ಸುಮಾಳ ಫೋನು ಬಂತು.

"ಅವ್ವಾ, ಡಾಕ್ಟರು ಅಡ್ಡಾಡಬ್ಯಾಡ ಅಂದಾರ. ಬಸ್ಸು ಬ್ಯಾಡ, ಜೀಪು ಬ್ಯಾಡ, ಏನೂ ಬ್ಯಾಡಂತ. ಇಲ್ಲೇ ಆಗ್ಲಿ ಬಿಡು. ನೀ ಮನಸಿಗೆ ಹಚ್ಚಗೋಬ್ಯಾಡ."

"ಏನಾತು? ರಕ್ತ ಕಡಿಮಿ ಐತಂತೇನು?"

"ಏನಿಲ್ಲವ್ವಾ, ಸುಮ್ಮ ಅಂದಾರ ಅಷ್ಟ."

ಸುಮ್ಮನೆ ಅಂದಿದ್ದಾರಂತೆ. ಯಾವ ತಾಯಿಯಾದರೂ ಅಲ್ಲಿಯೇ ಹಿಡಿದು ಕೇಳಬೇಕಿತ್ತು. ನಾನು ಕೇಳಲಿಲ್ಲ. ನನಗೆ ದುಃಖವಾಗಬೇಕಿತ್ತು, ಆದರೆ ಜೀವ ಹಗುರಾಯಿತು. ಫೋನಿಟ್ಟವಳೇ ನೆಂಟರಿಗೆಲ್ಲ ಫೋನು ಹಚ್ಚಿ, "ಏನ ಮಾಡೂದ್ರಿ, ಡಾಕ್ಟರ ಬ್ಯಾಡಂದ್ರು" ಎಂದು ಸಾರಿದೆ. ಒಬ್ಬೊಬ್ಬರಿಗೆ ಹೇಳಿದಾಗಲೂ ಡಾಕ್ಟರು ಸ್ವಲ್ಪ ಹೆಚ್ಚು ಗಟ್ಟಿಯಾಗಿ ಬೇಡವೆನ್ನುತ್ತ ಹೋದರು. ಅತ್ತೆ ತಮ್ಮ ಗಂಟು ತಾವೇ ಬಿಚ್ಚಿ ಸೀರೆಗಳನ್ನು ಮಡಿಸಿಟ್ಟರು.

ಹತ್ತು ಹದಿನೈದು ದಿನ ಕಳೆದಿರಬೇಕು. ಇಂಡಿಯಿಂದ ನನ್ನ ನಾದಿನಿ ಫೋನು ಮಾಡಿದಳು. ಅವಳ ಓಣಿಯಲ್ಲಿ ಸುಮಾಳ ಗಂಡನ ಕಡೆಯವರದೊಂದು ಮದುವೆ. "ಸುಮಾ ಬಂದಿದ್ಲು ವೈನಿ, ಜೀಪಿನ್ಯಾಗ. ಮಾರಿ ಮ್ಯಾಲ ಕಳಾ ಬಂದೈತಿ ನೋಡ್ರಿ. ನಿಮ್ಮ ವಿಜಾಪುರದ ಮ್ಯಾಲೇ ಹಾದು ಬಂದ್ರಂತ. ನಿಮ್ಮಲ್ಲಿ ಇಳೀಲಿಲ್ಲೇನು?"

"ಇಳದಿದ್ಲು, ನೀರ ಕುಡದು ಹೋದ್ಲು" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಮುದ್ದೇಬಿಹಾಳದಿಂದ ಇಂಡಿಯವರೆಗೆ ಜೀಪಿನಲ್ಲಿ ಕುಲುಕಿಕೊಂಡು ಹೋದ ಬಸುರಿಗೆ ನಡುದಾರಿಯ ತವರಿಗೆ ಬರಬಾರದೆಂದು ಯಾವ ಡಾಕ್ಟರು ಹೇಳುತ್ತಾರೆ? ಅಂದೇ ನನಗೆ ಎಲ್ಲವೂ ತಿಳಿಯಿತು. ತಿಳಿದೂ ತಿಳಿಯದವಳ ಹಾಗೆ ರೊಟ್ಟಿ ಬಡಿಯಲು ಕೂತೆ.

ಹೆರಿಗೆ ಮುದ್ದೇಬಿಹಾಳದಲ್ಲೇ ಆಯಿತು. ಹೆಣ್ಣುಮಗು. ನಾನು ಅಂಟಿನುಂಡಿಯ ಡಬ್ಬಿ ಹಿಡಿದುಕೊಂಡು ಹೋದೆ. ಬೀಗರ ಮನೆಯಲ್ಲಿ ನನಗೆ ಕುರ್ಚಿ ಹಾಕಿದರು, ಬಿಸಿ ಚಹಾ ಕೊಟ್ಟರು. ಒಳಗೆ ಬಚ್ಚಲಲ್ಲಿ ಬೀಗತಿ ಸೆರಗು ಸಿಕ್ಕಿಸಿಕೊಂಡು ನನ್ನ ಮಗಳಿಗೆ ಎರೆಯುತ್ತಿದ್ದರು. ನಾನೂ ಎದ್ದು ಹೋಗಿ ತಂಬಿಗೆಗೆ ಕೈ ಹಾಕಿದೆ.

"ನೀವ ಕುಂಡ್ರಿ ಬೀಗರ, ಸೀರಿ ಹಸಿ ಆಗ್ತೈತಿ. ಅಕಿ ನನ್ನ ಮಗಳಲ್ಲೇನು?" ಎಂದರು ಬೀಗತಿ.

ಕೊಂಕಿರಲಿಲ್ಲ. ಅವರು ಅಂಥವರಲ್ಲ. ಕೊಂಕಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬಂದು ಕುರ್ಚಿಯಲ್ಲಿ ಕೂತು, ಗೋಡೆಯಾಚೆ ನನ್ನ ಮಗಳ ಮೈಮೇಲೆ ಬಿಸಿನೀರು ಬೀಳುವ ಸದ್ದು ಕೇಳಿದೆ. ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳುವವರು ಇಲ್ಲವೆಂದು ಮೂರನೆಯ ದಿನಕ್ಕೆ ಬಸ್ಸು ಹತ್ತಿದೆ. ಸಂಜೆ ಬಸ್ಸಿಗೆ ಹೋಗುವ ನೆಂಟರ ಪೈಕಿ ಈಗ ನಾನೂ ಒಬ್ಬಳಾಗಿದ್ದೆ.

ಅತ್ತೆ ಹೋದ ವರ್ಷ ತೀರಿಕೊಂಡರು. ಎತ್ತರದ ಮಂಚವನ್ನು ಯಾರಿಗೋ ಕೊಟ್ಟೆವು. ಬೆಡ್‌ರೂಮು ಬರಿದಾಯಿತು. ಹಾಲಿನಲ್ಲಿ ಮಲಗಿ ರೂಢಿಯಾದ ನಾವು ಅಲ್ಲಿಗೆ ಮರಳಲಿಲ್ಲ. ಈಗ ಅದರಲ್ಲಿ ಸಂಡಿಗೆ ಒಣಗುತ್ತವೆ.

ವಾಸನೆಯ ಹಿಂದೆಯೇ ಇವತ್ತು ವಾಸನೆಯ ಯಜಮಾನಿಯೂ ಬಂದರು. ಮೇಲಿನ ಮನೆಯ ಖುರ್ಷಿದಾ. ಇಂಡಿಯವರು, ನಿಂಬೆಹಣ್ಣಿನ ವ್ಯಾಪಾರ, ಇಲ್ಲಿಗೆ ಬಂದು ಒಂದು ವರ್ಷವೂ ಆಗಿಲ್ಲ. ನಮ್ಮಷ್ಟೇ ಫ್ಲ್ಯಾಟು. ಗಂಡ, ಮೈದುನ, ಅವರು. ಈಗ ಚೊಚ್ಚಲಿಗೆ ಬಂದ ಮಗಳು. ತಾಟಿನಲ್ಲಿ ನಾಲ್ಕು ಉಂಡಿ ಇಟ್ಟುಕೊಂಡು ಬಂದವರು ಕೂಡುವ ಮೊದಲೇ ಕೇಳಿದರು.

"ಅಕ್ಕೋರ, ಒಂದ ಮಾತ ಕೇಳ್ತೇನ್ರಿ. ನಿಮ್ಮ ಒಳಗಿನ ಖೋಲಿ ಖಾಲಿ ಐತಲ್ಲ, ನಮ್ಮ ಗಂಡಸರು ನಾಲ್ವತ್ತ ದಿನ ರಾತ್ರಿ ಇಲ್ಲಿ ಬಿದ್ದಿರ್ಲೇನ್ರಿ? ಹುಡಿಗಿಗೆ ಮ್ಯಾಲ ಜಾಗಾ ಆಗ್ತೈತಿ. ಅವರು ಗೊರಕಿ ಹೊಡಿತಾರ ಮತ್ತ, ಈಗ ಹೇಳೇನಿ, ಆಮ್ಯಾಲ ಬೈಬ್ಯಾಡ್ರಿ."

ಎಷ್ಟು ಸರಳ. ಮನೆ ಸಣ್ಣದೆಂದು ಹೇಳಿಕೊಳ್ಳಲು ಆಕೆಗೆ ನಾಚಿಕೆಯೇ ಇರಲಿಲ್ಲ. ನಾನು ಅಂದು ನಮ್ಮ ಉದ್ದನೆಯ ದಾರಿಯ ಎರಡೂ ಬದಿಯ ಬಾಗಿಲುಗಳಲ್ಲಿ ಒಂದನ್ನಾದರೂ ತಟ್ಟಿದ್ದೆನೇ? ಊರೆಲ್ಲ ಮನೆ ಹುಡುಕಿದೆ, ಎದುರಿನ ಬಾಗಿಲು ತಟ್ಟಲಿಲ್ಲ. "ನೋಡೂನು" ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ನಿಜ. ಈ ಸಲ ನುಂಗಿಕೊಂಡೆ. "ಇವತ್ತ ಕಳಸ್ರಿ" ಎಂದೆ. ನಮ್ಮ ಮನೆಯವರು ಆಗಲೇ ಸಂಡಿಗೆ ಎತ್ತಲು ಎದ್ದಿದ್ದರು.

ಖುರ್ಷಿದಾ ಹೋದ ಮೇಲೆ ಸುಮಾಗೆ ಫೋನು ಮಾಡಿದೆ. ಯಾಕೆ ಮಾಡಿದೆನೋ, ಬಹುಶಃ ಹೊಗಳಿಸಿಕೊಳ್ಳಲು. ಅವಳು ಎಲ್ಲ ಕೇಳಿ, "ಛಲೋ ಮಾಡಿದಿ" ಎಂದಳು. ಆಮೇಲೆ ತಾನಾಗಿಯೇ ಹೇಳಿದಳು.

"ಅವ್ವಾ, ನನಗ ಡಾಕ್ಟರು ಹಂಗ ಅಂದಿರ್ಲಿಲ್ಲ. ಆಯಿ ಫೋನ್ ಮಾಡಿದ್ಲು. ನೀ ಬಾ, ನಾ ಮಠಕ್ಕ ಹೊಂಟೇನಿ ಅಂದ್ಲು. ಆಯಿನ್ನ ಹೊರಗ ಹಾಕಿ ನಾ ಒಳಗ ಮಲಗ್ಲೇನು?"

ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಅತ್ತೆ ಫೋನು ಮಾಡಿದ್ದು ನನಗೆ ಗೊತ್ತಿರಲಿಲ್ಲ. ಉಳಿದದ್ದು ಗೊತ್ತಿತ್ತು.

"ಡಾಕ್ಟರು ಅಂದಿಲ್ಲ ಅಂತ ನನಗ ಗೊತ್ತಿತ್ತವ್ವಾ" ಎಂದೆ. "ನೀ ಇಂಡಿಗೆ ಹೋದ ದಿನಾನ ಗೊತ್ತಾತು."

"ಗೊತ್ತಿತ್ತಾ?" ಅವಳ ದನಿ ಬದಲಾಯಿತು. "ಮತ್ತ್ಯಾಕ ಕರಿಯಾಕ ಬರ್ಲಿಲ್ಲ?"

"ಎಲ್ಲಿ ಮಲಗಸ್ಲಿ ಅಂತ ನಾಚಿಕಿ ಆತವ್ವಾ. ನಿನಗೊಂದು ಖೋಲಿ ಕೊಡಾಕ ಆಗ್ಲಿಲ್ಲ."

"ನಾ ಖೋಲಿ ಕೇಳಿದ್ನೇನವ್ವಾ? ಹಾಲಿನ್ಯಾಗ ನಿನ್ನ ಬಾಜೂಕ ಮಲಗತಿದ್ದೆ."

ಆ ಕಡೆ ಮೊಮ್ಮಗಳು ಏನೋ ಕೇಳುತ್ತಿದ್ದಳು. ಸುಮಾ ಆಮೇಲೆ ಮಾತಾಡುತ್ತೇನೆ ಎಂದು ಫೋನಿಟ್ಟಳು. ನಾನು ನಿಂತಲ್ಲೇ ಹಾಲಿನ ನೆಲ ನೋಡಿದೆ. ಟೀವಿಯ ಮುಂದೆ, ಗೋಡೆಗೆ ಹತ್ತಿ, ನಾನು ದಿನವೂ ಹಾಸಿಗೆ ಹಾಸುವ ಜಾಗ. ಅದರ ಪಕ್ಕದಲ್ಲಿ ಇನ್ನೊಂದು ಕೌದಿ ಹಾಸುವಷ್ಟು ನೆಲ ಆಗಲೂ ಇತ್ತು.